ನೇತಾಜಿ ಹತ್ತಿದ ಯು-180: ಆ ಸಬ್‌ಮರೀನ್ ಹೇಗಿತ್ತು, ಆಮೇಲೆ ಏನಾಯಿತು?

ಹೊನ್ನಾವರದ ಹುಡುಗ

ಎಲ್ಲರಿಗೂ ನಮಸ್ಕಾರ. ಒಂದು ಫೋಟೊ ಬಹಳ ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಸಬ್‌ಮರೀನ್ ಮೇಲಿನ ಕಟ್ಟೆಯಲ್ಲಿ ನೇತಾಜಿ ಇದ್ದಾರೆ, ಜೊತೆಗೆ ಜರ್ಮನ್ ಕ್ಯಾಪ್ಟನ್. ಶಾಲೆಯಲ್ಲಿ ಇದರ ಬಗ್ಗೆ ನಾವು ಓದಿದ್ದು ಒಂದೇ ಸಾಲು: "ನೇತಾಜಿ ಜರ್ಮನಿಯಿಂದ ಸಬ್‌ಮರೀನ್‌ನಲ್ಲಿ ಹೊರಟರು." ನಮ್ಮದು ಮೀನುಗಾರರ ಮನೆ. ಹಾಗಾಗಿ ನನಗೆ ಮೊದಲು ಬಂದ ಪ್ರಶ್ನೆ, ಅದು ಎಂಥ ದೋಣಿ? ಎಷ್ಟು ಉದ್ದ? ಯಾವ ಇಂಜಿನ್? ಅವರನ್ನು ಇಳಿಸಿದ ಮೇಲೆ ಅದು ಎಲ್ಲಿಗೆ ಹೋಯಿತು?

ನನಗೆ ಸಿಕ್ಕಿದ್ದು ಇಷ್ಟು. ಹೆಸರು ಯು-180. ಬ್ರೆಮೆನ್ ಊರಿನ ವೆಸರ್ ಕಾರ್ಖಾನೆಯಲ್ಲಿ ಕಟ್ಟಿದ್ದು. 1941ರ ಡಿಸೆಂಬರ್ 10ರಂದು ನೀರಿಗಿಳಿಯಿತು. 1942ರ ಮೇ 16ರಂದು ನೌಕಾಪಡೆಗೆ ಸೇರಿತು. ಕ್ಯಾಪ್ಟನ್ ವೆರ್ನರ್ ಮುಸೆನ್‌ಬರ್ಗ್. ಅದೇ ಕ್ಯಾಪ್ಟನ್ ನೇತಾಜಿಯವರನ್ನು ಜಪಾನ್ ತನಕ ಬಿಟ್ಟು ಬಂದರು ಅಂದುಕೊಂಡಿದ್ದೇನೆ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಶಿರಸಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ ತಮ್ಮಾ. ಮೊದಲು ಒಂದು ತಿದ್ದುಪಡಿ. ಯು-180 ಜಪಾನ್‌ಗೆ ಹೋಗಲೇ ಇಲ್ಲ. ಅರ್ಧ ದಾರಿಯಲ್ಲಿ, ನಡುಸಮುದ್ರದಲ್ಲಿ ನೇತಾಜಿ ಒಂದು ಸಬ್‌ಮರೀನ್‌ನಿಂದ ಇನ್ನೊಂದಕ್ಕೆ ಹತ್ತಿದರು.

1943ರ ಫೆಬ್ರವರಿ 9ರಂದು ಕೀಲ್ ಬಂದರಿನಿಂದ ಹೊರಟರು. ಜೊತೆಗಿದ್ದವರು ಅಬಿದ್ ಹಸನ್ ಒಬ್ಬರೇ. ಹೈದರಾಬಾದಿನವರು. ಇಂಜಿನಿಯರಿಂಗ್ ಓದಲು ಜರ್ಮನಿಗೆ ಹೋಗಿ, ಅದನ್ನು ಬಿಟ್ಟು ನೇತಾಜಿಯವರ ಕಾರ್ಯದರ್ಶಿ ಆದವರು. ಇಂಗ್ಲಿಷ್ ಕಾಲುವೆಯಲ್ಲಿ ಬ್ರಿಟಿಷರ ಕಾವಲು. ಅದಕ್ಕೇ ನಾರ್ವೆ ಕಡೆಯಿಂದ ಉತ್ತರಕ್ಕೆ ಸುತ್ತು ಹಾಕಿ ಅಟ್ಲಾಂಟಿಕ್‌ಗೆ ಇಳಿದರು. ಆಮೇಲೆ ಆಫ್ರಿಕಾದ ಪಕ್ಕದಲ್ಲೇ ದಕ್ಷಿಣಕ್ಕೆ. ಆಫ್ರಿಕಾದ ದಕ್ಷಿಣ ತುದಿಯ ಕೇಪ್ ದಾಟಿ ಹಿಂದೂ ಮಹಾಸಾಗರಕ್ಕೆ. ಏಪ್ರಿಲ್ ಕೊನೆಯ ವಾರ ಮಡಗಾಸ್ಕರ್ ಆಚೆ ಜಪಾನಿನ ಐ-29 ಸಬ್‌ಮರೀನ್ ಎದುರಾಯಿತು. ಅದು ಪೆನಾಂಗ್‌ನಿಂದ ಇವರಿಗಾಗಿಯೇ ಬಂದಿತ್ತು.

ಸಮುದ್ರ ಒರಟಾಗಿತ್ತು. ಎರಡು ದೋಣಿಗಳೂ ಕಾದವು. ಕೊನೆಗೆ ನಡುವೆ ಹಗ್ಗ ಕಟ್ಟಿ, ರಬ್ಬರ್ ತೆಪ್ಪದಲ್ಲಿ ಇಬ್ಬರನ್ನೂ ದಾಟಿಸಿದರು. ಆ ಕಡೆ ಹತ್ತುವ ಹೊತ್ತಿಗೆ ಇಬ್ಬರೂ ಪೂರ್ತಿ ಒದ್ದೆ. ಮೇ ಮೊದಲ ವಾರ ಸುಮಾತ್ರದ ತುದಿಯ ಸಬಾಂಗ್ ದ್ವೀಪದಲ್ಲಿ ಇಳಿದರು. ಅಲ್ಲಿಂದ ವಿಮಾನದಲ್ಲಿ ಟೋಕಿಯೊ.

ಅದೇ ವರ್ಷದ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಆಜಾದ್ ಹಿಂದ್ ಸರ್ಕಾರ ಘೋಷಣೆ ಆಯಿತು. ಆ ರಬ್ಬರ್ ತೆಪ್ಪ ಮಗುಚಿದ್ದರೆ ಏನಾಗುತ್ತಿತ್ತು ಅಂತ ನಾನು ಪಾಠ ಮಾಡುವಾಗ ಪ್ರತಿ ಸಲ ಯೋಚಿಸಿದ್ದೇನೆ.

ಡೀಸೆಲ್ ದಿನಗಳು

ಇಂಜಿನ್ ಕೇಳಿದ್ರಲ್ಲ, ಅದಕ್ಕೇ ಬಂದೆ. ನಾನು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯು-180ರ ಕಥೆ ಪೂರ್ತಿ ಅದರ ಇಂಜಿನ್‌ನಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಸ್ವಲ್ಪ ಉದ್ದ ಬರೆಯುತ್ತೇನೆ.

ಜರ್ಮನರ ಯು-ಬೋಟ್‌ಗಳಲ್ಲಿ, ಅಂದರೆ ಸಬ್‌ಮರೀನ್‌ಗಳಲ್ಲಿ, ಅತಿ ಹೆಚ್ಚು ಕಟ್ಟಿದ್ದು 7ನೇ ಮಾದರಿ. ಅಟ್ಲಾಂಟಿಕ್‌ಗೆ ಸಾಕಾಗುವ ಚಿಕ್ಕ ದೋಣಿ. ದೂರದ ಕೆಲಸಕ್ಕೆ 9ನೇ ಮಾದರಿ. ಅದರಲ್ಲಿ ಎ, ಬಿ, ಸಿ ಅಂತ ಬೆಳೆದು ಕೊನೆಗೆ ಡಿ ಬಂತು. ಸಾಮಾನ್ಯ 9ಸಿ ದೋಣಿ ಸುಮಾರು 77 ಮೀಟರ್. 9ಡಿ ಮಾತ್ರ 87.6 ಮೀಟರ್. ನಮ್ಮ ಸಾರಿಗೆ ಬಸ್ಸುಗಳನ್ನು ಒಂದರ ಹಿಂದೆ ಒಂದು ಏಳು ನಿಲ್ಲಿಸಿದರೆ ಆಗುವಷ್ಟು ಉದ್ದ. ಅಗಲ 7.5 ಮೀಟರ್. ಆದರೆ ಅದು ಹೊರಗಿನ ಅಗಲ. ಜನ ಇರುವುದು ಒಳಗಿನ ಗಟ್ಟಿ ಉಕ್ಕಿನ ಕೊಳವೆಯಲ್ಲಿ. ಅದರ ಅಗಲ ಬರೀ 4.4 ಮೀಟರ್. ಹೊರಗಿನ ಕವಚಕ್ಕೂ ಈ ಕೊಳವೆಗೂ ನಡುವಿನ ಜಾಗದಲ್ಲಿ ಎಣ್ಣೆ ಮತ್ತು ನೀರಿನ ಟ್ಯಾಂಕ್‌ಗಳು. ನೀರಿನ ಮೇಲೆ ತೂಕ 1,610 ಟನ್.

ಈ 9ಡಿ ದೋಣಿಯನ್ನು ಎರಡು ರೀತಿ ಮಾಡಿದರು. ಹೆಚ್ಚಿನವು 9ಡಿ2. ಅವುಗಳಲ್ಲಿ ಎರಡು ದೊಡ್ಡ ಇಂಜಿನ್, ಜೊತೆಗೆ ನಿಧಾನವಾಗಿ ದೂರ ಸಾಗಲು ಎರಡು ಚಿಕ್ಕ ಇಂಜಿನ್. 12 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್, 23,700 ನಾಟಿಕಲ್ ಮೈಲಿ ಹೋಗುತ್ತಿದ್ದವು. ಭೂಮಿಯನ್ನು ಒಂದು ಸುತ್ತು ಬಂದರೂ ಎಣ್ಣೆ ಉಳಿಯುವ ಲೆಕ್ಕ.

ಯು-180 ಇದ್ದ 9ಡಿ1 ಮಾತ್ರ ಬೇರೆ ಪ್ರಯೋಗ. ಅದರಲ್ಲಿ ವೇಗ ಬೇಕಿತ್ತು. ಆಗ ಜರ್ಮನರ ಹತ್ತಿರ ಚುರುಕಾದ ಟಾರ್ಪಿಡೊ ದೋಣಿಗಳಿದ್ದವು. ಚಿಕ್ಕವು, ಹಾರಿದಂತೆ ಓಡುವಂಥವು. ಅವಕ್ಕೆ ಡೈಮ್ಲರ್-ಬೆಂಜ್‌ನ 20 ಸಿಲಿಂಡರ್ ಡೀಸೆಲ್ ಹಾಕುತ್ತಿದ್ದರು. ಹೆಸರು ಎಂಬಿ 501. ಒಂದೊಂದು 1,500 ಅಶ್ವಶಕ್ತಿ. ಅಂಥ ಆರು ಇಂಜಿನ್ ತಂದು ಈ ಸಬ್‌ಮರೀನ್ ಒಳಗೆ ಇಟ್ಟರು. ಒಟ್ಟು 9,000 ಅಶ್ವಶಕ್ತಿ. ವೇಗ 20.8 ನಾಟ್ ಬಂತು.

ಈಗ ಬೆಲೆ ನೋಡಿ. 9ಸಿ ದೋಣಿ 4,400 ಅಶ್ವಶಕ್ತಿಯಲ್ಲಿ 18.3 ನಾಟ್ ಓಡುತ್ತಿತ್ತು. ಅಂದರೆ ಶಕ್ತಿ ಎರಡು ಪಟ್ಟು ಮಾಡಿ ಸಿಕ್ಕಿದ್ದು ಎರಡೂವರೆ ನಾಟ್. ದೋಣಿ ದೊಡ್ಡದಾಗಿದ್ದೂ ಒಂದು ಕಾರಣ. ಆದರೆ ನೀರಿನ ಗುಣವೇ ಹಾಗೆ. ವೇಗ ಸ್ವಲ್ಪ ಏರಿಸಲು ಹೋದರೂ ಶಕ್ತಿ ವಿಪರೀತ ಬೇಕು. ಎಣ್ಣೆ ಕುಡಿದೇ ಕುಡಿಯಿತು. 12 ನಾಟ್‌ನಲ್ಲಿ ಯು-180 ಹೋಗಬಲ್ಲದ್ದು 9,900 ಮೈಲಿ ಮಾತ್ರ. ಅದೇ ಮೈಯ ಅಕ್ಕತಂಗಿ ದೋಣಿಗಳ ಅರ್ಧಕ್ಕಿಂತ ಕಡಿಮೆ.

ಅದಕ್ಕಿಂತ ದೊಡ್ಡ ತೊಂದರೆ ಬಿಸಿ ಮತ್ತು ಹೊಗೆ. ಈ ಇಂಜಿನ್‌ಗಳು ರಾತ್ರಿ ಹೊರಟು ಬೆಳಗಾಗುವಷ್ಟರಲ್ಲಿ ಬಂದರಿಗೆ ವಾಪಸ್ ಬರುವ ದೋಣಿಗೆ ಮಾಡಿದ್ದು. ತಿಂಗಳುಗಟ್ಟಲೆ ಓಡಿಸಲು ಅಲ್ಲ. ಉತ್ತರ ಸಮುದ್ರದ ತಣ್ಣನೆ ನೀರಿನಲ್ಲಿ ಹೇಗೋ ನಡೆಯಿತು. ಬೆಚ್ಚಗಿನ ಸಮುದ್ರಕ್ಕೆ ಬಂದ ಮೇಲೆ ಕಾಯತೊಡಗಿದವು. ಹೊಗೆ ಬೇರೆ ದಟ್ಟವಾಗಿ ಬರುತ್ತಿತ್ತು. ಅಡಗಿ ಕೆಲಸ ಮಾಡುವ ದೋಣಿಗೆ ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಹಗಲಿನಲ್ಲಿ ಹೊಗೆ ಅಂದರೆ ದೂರದಿಂದಲೇ "ಇಲ್ಲಿದ್ದೇನೆ" ಅಂತ ಕೂಗಿದ ಹಾಗೆ.

ಈ ಮಾದರಿಯಲ್ಲಿ ಕಟ್ಟಿದ್ದು ಎರಡೇ ದೋಣಿ. ಯು-180 ಮತ್ತು ಯು-195. ಅಲ್ಲಿಗೆ ನಿಲ್ಲಿಸಿದರು.

ಹುಬ್ಬಳ್ಳಿ ಓದುಗಿ

ಡೀಸೆಲ್ ಸರ್, ಓದಿ ಒಂದು ಅನುಮಾನ ಬಂತು. 9,900 ಮೈಲಿಯಲ್ಲಿ ಮಡಗಾಸ್ಕರ್ ತನಕ ಹೋಗಿ ವಾಪಸ್ ಯುರೋಪ್‌ಗೆ ಬರೋದು ಹೇಗೆ ಸಾಧ್ಯ? ಇನ್ನೊಂದು, ನೀರಿನ ಕೆಳಗೇ ಹೋದರೆ ಹೊಗೆ ಕಾಣಲ್ಲ ಅಲ್ವಾ?

ಡೀಸೆಲ್ ದಿನಗಳು

ಸಾಧ್ಯ ಇಲ್ಲಮ್ಮ. ಅದಕ್ಕೇ ಹೋಗುವಾಗ ಅಟ್ಲಾಂಟಿಕ್ ಮಧ್ಯೆ ಇನ್ನೊಂದು ಸಬ್‌ಮರೀನ್‌ನಿಂದ ಎಣ್ಣೆ ತುಂಬಿಸಿಕೊಂಡಿತು. ಎಣ್ಣೆ ಹೊತ್ತು ತಿರುಗಲೆಂದೇ 14ನೇ ಮಾದರಿ ಅಂತ ದಪ್ಪ ದೋಣಿಗಳಿದ್ದವು. ಅವುಗಳಲ್ಲಿ ಟಾರ್ಪಿಡೊ ಕೊಳವೆಯೇ ಇರಲಿಲ್ಲ. ಜರ್ಮನ್ ನಾವಿಕರು ಅವನ್ನು ಕರೆಯುತ್ತಿದ್ದದ್ದು "ಹಾಲು ಕೊಡುವ ಹಸು" ಅಂತ.

ಎರಡನೆಯದು ಮುಖ್ಯ ಪ್ರಶ್ನೆ. ಆಗಿನ ಸಬ್‌ಮರೀನ್ ಅಂದರೆ ಮುಳುಗಬಲ್ಲ ಹಡಗು, ಅಷ್ಟೆ. ಡೀಸೆಲ್‌ಗೆ ಗಾಳಿ ಬೇಕು. ಕೆಳಗೆ ಹೋದರೆ ಬ್ಯಾಟರಿ ಮಾತ್ರ. ಯು-180ರ ಎರಡು ವಿದ್ಯುತ್ ಮೋಟಾರ್ ಸೇರಿ 1,000 ಅಶ್ವಶಕ್ತಿ. ಕೆಳಗೆ ಎಷ್ಟೇ ಜೋರು ಓಡಿಸಿದರೂ 7 ನಾಟ್ ದಾಟುತ್ತಿರಲಿಲ್ಲ. ಹಾಗೆ ಓಡಿಸಿದರೆ ಬ್ಯಾಟರಿ ಬೇಗ ಖಾಲಿ. ಖಾಲಿಯಾದರೆ ಮೇಲೆ ಬರಲೇಬೇಕು, ಇಂಜಿನ್ ಹಾಕಿ ಚಾರ್ಜ್ ಮಾಡಲೇಬೇಕು. ಪ್ರಯಾಣದ ಬಹುಪಾಲು ನಡೆದಿದ್ದು ನೀರಿನ ಮೇಲೆಯೇ.

ಹೊನ್ನಾವರದ ಹುಡುಗ

ಈಗ ನನಗೆ ಅವರಿಬ್ಬರ ಬಗ್ಗೆ ಯೋಚನೆ ಹತ್ತಿತು. ನಮ್ಮ ಬೋಟಿನ ಇಂಜಿನ್ ಹತ್ತಿರ ಅರ್ಧ ಗಂಟೆ ಕೂತರೆ ಅಂಗಿಗೆ ಹತ್ತಿದ ವಾಸನೆ ಎರಡು ದಿನ ಹೋಗಲ್ಲ. ಅದೂ ತೆರೆದ ಬೋಟು. ಮುಚ್ಚಿದ ಕೊಳವೆಯಲ್ಲಿ ಆರು ಇಂಜಿನ್, ಹನ್ನೊಂದು ವಾರ!

ಶಿರಸಿ ಮೇಷ್ಟ್ರು

ಅಬಿದ್ ಹಸನ್ ಮುಂದೆ ಇದನ್ನೇ ನೆನಪಿಸಿಕೊಂಡಿದ್ದಾರೆ. ಬ್ರೆಡ್ಡಿಗೆ ಡೀಸೆಲ್, ಕಂಬಳಿಗೆ ಡೀಸೆಲ್, ಎಲ್ಲದಕ್ಕೂ ಡೀಸೆಲ್ ವಾಸನೆ. ನೇತಾಜಿಯವರಿಗೆ ಅಲ್ಲಿನ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಸನ್ ಹುಡುಕಾಡಿದಾಗ ದಾಸ್ತಾನಿನಲ್ಲಿ ಅಕ್ಕಿ, ಬೇಳೆ ಸಿಕ್ಕಿತಂತೆ. ಅದೇ ದೊಡ್ಡ ಆಧಾರ ಆಯಿತು.

ಹೀಗಿದ್ದರೂ ನೇತಾಜಿ ಸುಮ್ನೆ ಮಲಗಿ ದಿನ ಕಳೆಯಲಿಲ್ಲ. ತಮ್ಮ ಹಳೆಯ ಪುಸ್ತಕವನ್ನು ಹೊಸ ಆವೃತ್ತಿಗೆ ತಿದ್ದುತ್ತಿದ್ದರು. ಮುಂದೆ ಮಾಡಬೇಕಾದ ಭಾಷಣಗಳನ್ನು ಹೇಳಿ ಬರೆಸುತ್ತಿದ್ದರು. ಹಸನ್ ಟೈಪ್ ಮಾಡುತ್ತಿದ್ದರು. ಆ ಹೊಗೆಯಲ್ಲಿ, ಆ ಸದ್ದಿನಲ್ಲಿ.

ಐ-29 ಹತ್ತಿದ ಮೇಲೆ ಚಿತ್ರವೇ ಬದಲಾಯಿತು. ಅದು 108 ಮೀಟರ್ ಉದ್ದದ ದೊಡ್ಡ ದೋಣಿ. ಜಪಾನಿ ಅಧಿಕಾರಿ ತೆರಾವೊಕಾ ತಮ್ಮ ಸ್ವಂತ ಕೋಣೆಯನ್ನು ನೇತಾಜಿಯವರಿಗೆ ಬಿಟ್ಟುಕೊಟ್ಟರು. ಅಡುಗೆಯವರು ಪೆನಾಂಗ್‌ನಲ್ಲೇ ಭಾರತದ ಮಸಾಲೆ ಕೊಂಡು ಇಟ್ಟುಕೊಂಡಿದ್ದರು. ಏಪ್ರಿಲ್ 29 ಜಪಾನ್ ಚಕ್ರವರ್ತಿಯ ಹುಟ್ಟುಹಬ್ಬ. ಅವತ್ತು ಇವರಿಗೂ ಸೇರಿ ಖಾರದ ಸಾರಿನ ಊಟ. ಎಷ್ಟು ದಿನಗಳ ಮೇಲೆ ನಾಲಿಗೆಗೆ ರುಚಿ ಸಿಕ್ಕಿರಬೇಕು, ಯೋಚಿಸಿ.

ಮೈಸೂರು ರಸ್ತೆ

ಬೇರೆ ಮಾತು ಎತ್ತುತ್ತಿದ್ದೇನೆ, ಬೇಸರ ಬೇಡ. ಆ ದೋಣಿ ಬರೀ ಪ್ರಯಾಣಿಕರ ದೋಣಿ ಆಗಿರಲಿಲ್ಲ. ಮುಂದೆ ನಾಲ್ಕು, ಹಿಂದೆ ಎರಡು ಟಾರ್ಪಿಡೊ ಕೊಳವೆ. ಮೇಲೆ 10.5 ಸೆಂಟಿಮೀಟರ್ ತೋಪು. ನೇತಾಜಿ ಒಳಗಿದ್ದಾಗಲೇ, 1943ರ ಏಪ್ರಿಲ್ 18ರಂದು ದಕ್ಷಿಣ ಆಫ್ರಿಕಾ ಆಚೆ ಕಾರ್ಬಿಸ್ ಎಂಬ ಬ್ರಿಟಿಷ್ ಟ್ಯಾಂಕರನ್ನು ಮುಳುಗಿಸಿತು. 8,132 ಟನ್‌ನ ಹಡಗು. ಅದರಲ್ಲಿದ್ದ ಹೆಚ್ಚಿನವರು ಸತ್ತರು. ವಾಪಸ್ ಹೋಗುವಾಗ ಜೂನ್ 3ರಂದು ಬೋರಿಸ್ ಎಂಬ ಗ್ರೀಕ್ ಹಡಗು. ಇದನ್ನೂ ಹೇಳದೆ ಬರೀ ಸಾಹಸದ ಕಥೆ ಮಾಡುವುದು ನನಗೆ ಸರಿ ಕಾಣಲ್ಲ. ಸತ್ತವರು ಸೈನಿಕರಲ್ಲ, ಕೂಲಿಗೆ ದುಡಿಯುವ ನಾವಿಕರು. ಬ್ರಿಟಿಷ್ ಸರಕು ಹಡಗುಗಳಲ್ಲಿ ಆಗ ನಮ್ಮ ದೇಶದ ನಾವಿಕರು, ಲಸ್ಕರರು ಅಂತ ಕರೆಯುತ್ತಿದ್ದವರು, ಸಾವಿರಾರು ಜನ ಇದ್ದರು.

ಶಿರಸಿ ಮೇಷ್ಟ್ರು

ಬೇಸರ ಯಾಕೆ, ನೀವು ಬರೆದದ್ದು ಸರಿ. ನಾನು ಮೊದಲೇ ಬರೆಯಬೇಕಿತ್ತು. ನೇತಾಜಿಯವರ ಧೈರ್ಯ ಒಂದು ಸತ್ಯ. ಅವರು ಹತ್ತಿದ್ದು ನಾಜಿ ಜರ್ಮನಿಯ ಯುದ್ಧದ ದೋಣಿ, ಇದು ಇನ್ನೊಂದು ಸತ್ಯ. 1942ರ ಮೇ ಕೊನೆಯಲ್ಲಿ ಹಿಟ್ಲರ್‌ನನ್ನು ಭೇಟಿ ಆದಾಗಲೇ ಅವರಿಗೆ ಗೊತ್ತಾಗಿತ್ತು, ಇಲ್ಲಿಂದ ಭಾರತಕ್ಕೆ ನೆರವು ಸಿಗಲ್ಲ ಅಂತ. ಪೂರ್ವಕ್ಕೆ ಹೋಗಲು ನೆಲದ ದಾರಿ ಮುಚ್ಚಿತ್ತು. ಆಕಾಶದ ದಾರಿ ನಂಬುವ ಹಾಗಿರಲಿಲ್ಲ. ಉಳಿದದ್ದು ನೀರಿನ ದಾರಿ.

ಹುಬ್ಬಳ್ಳಿ ಓದುಗಿ

ನಡುಸಮುದ್ರದಲ್ಲಿ ಎರಡು ಸಬ್‌ಮರೀನ್ ಭೇಟಿ ಆದಾಗ ಚಿನ್ನ ಕೈ ಬದಲಾಯಿತು ಅಂತ ಓದಿದ್ದೆ. ಅದು ನೇತಾಜಿಯವರಿಗಾಗಿ ಕೊಟ್ಟ ಹಣವಾ?

ಶಿರಸಿ ಮೇಷ್ಟ್ರು

ಅಲ್ಲ. ಅದು ಬರ್ಲಿನ್‌ನಲ್ಲಿದ್ದ ಜಪಾನ್ ರಾಯಭಾರ ಕಚೇರಿಗೆ ಹೋಗಬೇಕಾದ ಚಿನ್ನ. ಎರಡು ಟನ್. ಸಮುದ್ರದ ಮೇಲೆ ಬೇರೆ ದಾರಿ ಇಲ್ಲದ್ದರಿಂದ ಐ-29 ಅದನ್ನು ಯು-180ಕ್ಕೆ ಕೊಟ್ಟಿತು. ಜೊತೆಗೆ ಟಾರ್ಪಿಡೊ ನಮೂನೆಗಳೂ ಇದ್ದವು. ಜರ್ಮನರ ಕಡೆಯಿಂದ ಹೊಸ ಆಯುಧಗಳ ನಕ್ಷೆ, ನಮೂನೆ ಹೋದವು. ನೇತಾಜಿ ಮತ್ತು ಹಸನ್ ಬಿಟ್ಟುಹೋದ ಜಾಗಕ್ಕೆ ಇಬ್ಬರು ಜಪಾನಿ ನೌಕಾ ಅಧಿಕಾರಿಗಳು ಹತ್ತಿದರು, ಎಮಿ ಮತ್ತು ತೊಮೊನಾಗಾ.

ಈ ತೊಮೊನಾಗಾ ಹಿದೆಯೊ ಸಬ್‌ಮರೀನ್ ವಿನ್ಯಾಸಗಾರ. ಸಬ್‌ಮರೀನ್ ಚಲಿಸದೆ ಒಂದೇ ಆಳದಲ್ಲಿ ನಿಲ್ಲುವ ಹಾಗೆ ಮಾಡುವ ಯಂತ್ರ ರೂಪಿಸಿದವನು. ಎರಡು ವರ್ಷ ಜರ್ಮನಿಯಲ್ಲಿದ್ದು, 1945ರಲ್ಲಿ ಯು-234 ಹತ್ತಿ ಊರಿಗೆ ಹೊರಟ. ದಾರಿಯಲ್ಲೇ ಜರ್ಮನಿ ಸೋತ ಸುದ್ದಿ ಬಂತು. ಕ್ಯಾಪ್ಟನ್ ಅಮೆರಿಕಕ್ಕೆ ಶರಣಾಗಲು ನಿರ್ಧರಿಸಿದ. ತೊಮೊನಾಗಾ ಮತ್ತು ಜೊತೆಗಿದ್ದ ಶೋಜಿ ಎಂಬ ಇನ್ನೊಬ್ಬ ಜಪಾನಿ ಅಧಿಕಾರಿ ದೋಣಿಯಲ್ಲೇ ಪ್ರಾಣ ಬಿಟ್ಟರು. ನೇತಾಜಿಯವರ ಪ್ರಯಾಣ ಎಲ್ಲರೂ ಬಲ್ಲರು. ಅದೇ ಹಗ್ಗ ಹಿಡಿದು ಎದುರು ದಿಕ್ಕಿನಲ್ಲಿ ದಾಟಿದವರನ್ನು ಯಾರೂ ನೆನೆಯುವುದಿಲ್ಲ.

ಮೈಸೂರು ರಸ್ತೆ

ಯು-180 ಆಮೇಲೆ ಬ್ರಿಟಿಷ್ ವಿಮಾನದ ಬಾಂಬಿಗೆ ಸಿಕ್ಕಿ ಮುಳುಗಿತು ಅಂತ ಕೇಳಿದ್ದೇನೆ. ಹೌದಾ?

ಡೀಸೆಲ್ ದಿನಗಳು

ಇಲ್ಲ. 1943ರ ಜುಲೈ 3ರಂದು ಅದು ಫ್ರಾನ್ಸಿನ ಬೋರ್ಡೊ ಬಂದರು ಸೇರಿತು. ಹೊರಟು ಐದು ತಿಂಗಳಿಗೆ ಹತ್ತಿರ. ಅದು ಹೊರಗಿದ್ದ ಮೇ ತಿಂಗಳು ಜರ್ಮನರಿಗೆ ಕರಾಳ ತಿಂಗಳು. ಒಂದೇ ತಿಂಗಳಲ್ಲಿ 40ಕ್ಕೂ ಹೆಚ್ಚು ಯು-ಬೋಟ್ ಕಳೆದುಕೊಂಡಿದ್ದರು. ಬೋರ್ಡೊ ಮುಂದಿನ ಬಿಸ್ಕೆ ಕೊಲ್ಲಿಯ ಮೇಲೆ ಹಗಲು ರಾತ್ರಿ ವಿಮಾನಗಳ ಬೇಟೆ. ಅಷ್ಟು ಹೊಗೆ ಬಿಡುವ ದೋಣಿ ಅದನ್ನು ದಾಟಿ ಬಂದಿದ್ದೇ ಆಶ್ಚರ್ಯ.

ಬಂದ ಮೇಲೆ ಆ ಆರು ಇಂಜಿನ್‌ಗಳಿಗೆ ಮುಕ್ತಾಯ. ದೋಣಿಯನ್ನು ಸೇವೆಯಿಂದ ಇಳಿಸಿದರು. ಆರನ್ನೂ ಕಿತ್ತು, ಎರಡು ಮಾಮೂಲಿ ಯು-ಬೋಟ್ ಇಂಜಿನ್ ಕೂರಿಸಿದರು. ಒಟ್ಟು 2,800 ಅಶ್ವಶಕ್ತಿ. ವೇಗ 15.8 ನಾಟ್‌ಗೆ ಇಳಿಯಿತು. ಲೆಕ್ಕ ಹಾಕಿ ನೋಡಿ. ಶಕ್ತಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಆಯಿತು, ಕಳೆದುಕೊಂಡ ವೇಗ ಐದೇ ನಾಟ್. ಟಾರ್ಪಿಡೊ ಕೊಳವೆಗಳನ್ನೂ ತೆಗೆದರು. 252 ಟನ್ ಸಾಮಾನು ಹೊರುವ ಸರಕು ದೋಣಿ ಮಾಡಿದರು. ಒಂದೇ ಒಂದು ಯುದ್ಧಯಾನ ಮಾಡಿದ ದೋಣಿ ಗೂಡ್ಸ್ ಗಾಡಿ ಆಯಿತು. ಆ ಹೊತ್ತಿಗೆ ನೀರಿನ ಮೇಲೆ ಹೋಗುವ ಸರಕು ಹಡಗುಗಳು ಜಪಾನ್ ತನಕ ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಈ ಕೆಲಸಕ್ಕೆ ಸಬ್‌ಮರೀನ್ ಬೇಕಾಯಿತು.

1944ರ ಏಪ್ರಿಲ್‌ನಲ್ಲಿ ಹೊಸ ಕ್ಯಾಪ್ಟನ್ ರೋಲ್ಫ್ ರೀಸೆನ್ ಬಂದರು. ಆಗಸ್ಟ್ 20ರಂದು ಬೋರ್ಡೊದಿಂದ ಪೂರ್ವಕ್ಕೆ ಹೊರಟಿತು. ಮಿತ್ರಪಡೆಗಳು ಫ್ರಾನ್ಸಿಗೆ ಇಳಿದಾಗಿತ್ತು, ಬಂದರು ಕೈಬಿಡುವ ಸಮಯ. ಹೊರಟ ಕೆಲವೇ ದಿನದಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಕಾಣೆಯಾಯಿತು. ಒಳಗಿದ್ದ 56 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನೀರಿನಲ್ಲಿ ಇಟ್ಟ ಸಿಡಿಗುಂಡು, ಅಂದರೆ ಮೈನ್, ಬಡಿದಿರಬೇಕು ಅಂತ ಬಹಳ ಕಾಲ ಬರೆಯುತ್ತಿದ್ದರು. ಆದರೆ ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಯಾವ ವಿಮಾನದ, ಯಾವ ಹಡಗಿನ ದಾಳಿಯೂ ಅದಕ್ಕೆ ಹೊಂದುವುದಿಲ್ಲ.

ಜೊತೆಯ ದೋಣಿ ಯು-195ಕ್ಕೂ ಇದೇ ರೀತಿ ಇಂಜಿನ್ ಬದಲಾಯಿಸಿದ್ದರು. ಅದೂ ಅದೇ ದಿನಗಳಲ್ಲಿ, ಅದೇ ಬಂದರಿನಿಂದ ಹೊರಟಿತು. ಅದು ಮಾತ್ರ ಡಿಸೆಂಬರ್ ಕೊನೆಗೆ ಬಟಾವಿಯಾ, ಅಂದರೆ ಈಗಿನ ಜಕಾರ್ತ ತಲುಪಿತು. ಜರ್ಮನಿ ಸೋತ ಮೇಲೆ ಜಪಾನಿಯರು ಅದನ್ನು ತೆಗೆದುಕೊಂಡು ಐ-506 ಅಂತ ಹೆಸರಿಟ್ಟರು.

ಶಿರಸಿ ಮೇಷ್ಟ್ರು

ಐ-29 ಕೂಡ ಅದೇ ವರ್ಷ ಮುಳುಗಿತು. 1944ರ ಜುಲೈ 26ರಂದು ಫಿಲಿಪೀನ್ಸ್ ಉತ್ತರಕ್ಕೆ ಅಮೆರಿಕದ ಸಾಫಿಶ್ ಎಂಬ ಸಬ್‌ಮರೀನ್ ಅದನ್ನು ಹೊಡೆಯಿತು. ಹಗ್ಗ ಕಟ್ಟಿಕೊಂಡು ನಿಂತಿದ್ದ ಎರಡು ದೋಣಿಗಳೂ ಒಂದು ತಿಂಗಳ ಅಂತರದಲ್ಲಿ ತಳ ಸೇರಿದವು.

ಕೀಲ್ ಕನ್ನಡತಿ

ನಾನು ಕೀಲ್‌ನಲ್ಲೇ ಇರುವುದು. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಊರಿನ ಹತ್ತಿರ ಮೋಲ್ಟೆನೋರ್ಟ್ ಎಂಬಲ್ಲಿ ಯು-ಬೋಟ್ ನಾವಿಕರ ಸ್ಮಾರಕ ಇದೆ. ಗೋಡೆ ತುಂಬ ಕಂಚಿನ ಫಲಕಗಳು. ದೋಣಿಯ ಸಂಖ್ಯೆ ಪ್ರಕಾರ ಸತ್ತವರ ಹೆಸರುಗಳು. ಎರಡನೇ ಯುದ್ಧದವರೇ ಸುಮಾರು 30,000. ಯು-ಬೋಟ್ ಹತ್ತಿದ ನಾಲ್ವರಲ್ಲಿ ಮೂವರು ವಾಪಸ್ ಬರಲಿಲ್ಲ. ಹೋದ ಭಾನುವಾರ ಹೋಗಿ 180 ಹುಡುಕಿ ನಿಂತೆ. ಹೆಸರು ಒಂದೊಂದಾಗಿ ಓದಿದೆ. ಮುಸೆನ್‌ಬರ್ಗ್ ಹೆಸರು ಅಲ್ಲಿಲ್ಲ. ಆ ಹೊತ್ತಿಗೆ ಅವರು ಆ ದೋಣಿಯಲ್ಲಿ ಇರಲಿಲ್ಲವಲ್ಲ.

ಒಳಗೆ ಹೊಕ್ಕು ನೋಡಬೇಕು ಅನ್ನುವವರಿಗೆ ಇಲ್ಲೇ ಲಾಬೋ ತೀರದಲ್ಲಿ ಯು-995 ಇದೆ. ಅದು 7ನೇ ಮಾದರಿ, 67 ಮೀಟರ್. ಯು-180ಕ್ಕೆ ಹತ್ತಿರದ ಸಂಬಂಧಿ ಬೇಕು ಅಂದರೆ ಷಿಕಾಗೋದಲ್ಲಿರುವ ಯು-505. ಅದು 9ಸಿ. 1944ರ ಜೂನ್ 4ರಂದು ಅಮೆರಿಕನ್ನರು ಸಮುದ್ರದಲ್ಲೇ ಹಿಡಿದ ದೋಣಿ. ಹಿಡಿಯುವಾಗ ಅದರ ಕ್ಯಾಪ್ಟನ್ ಆಗಿದ್ದ ಹರಾಲ್ಡ್ ಲಾಂಗೆ, ಮೊದಲು ಯು-180ರಲ್ಲೇ ಅಧಿಕಾರಿಯಾಗಿ ಇದ್ದವರು.

ಹೊನ್ನಾವರದ ಹುಡುಗ

ಅಕ್ಕ, ನೀವು ಹೋಗಿ ನಿಂತು ಓದಿ ಬಂದಿರಿ. ಏನು ಹೇಳಲಿ, ಮನಸ್ಸು ತುಂಬಿತು. ಜರ್ಮನಿ, ಷಿಕಾಗೋ ನನಗೆ ದೂರ. ನಮ್ಮ ದೇಶದಲ್ಲಿ ಹತ್ತಿರದ ಅಂದಾಜು ಸಿಗುವ ಜಾಗ ಯಾವುದಾದರೂ ಇದೆಯಾ? ಮಗಳನ್ನು ಕರೆದುಕೊಂಡು ಹೋಗಬೇಕು.

ಡೀಸೆಲ್ ದಿನಗಳು

ಇದೆ. ವಿಶಾಖಪಟ್ಟಣದ ಕಡಲ ತೀರದಲ್ಲಿ ಐಎನ್‌ಎಸ್ ಕುರ್ಸುರಾ. ಸೋವಿಯತ್ ದೇಶದಲ್ಲಿ ಕಟ್ಟಿದ್ದು, 1969ರಿಂದ 2001ರ ತನಕ ನಮ್ಮ ನೌಕಾಪಡೆಯಲ್ಲಿತ್ತು. ಉದ್ದ 91.3 ಮೀಟರ್, ಅಗಲ 7.5. ಯು-180ರ ಅಳತೆಗೆ ಇಷ್ಟು ಹತ್ತಿರದ್ದು ನಿಮಗೆ ಬೇರೆಲ್ಲೂ ಸುಲಭಕ್ಕೆ ಸಿಗಲ್ಲ. ಮುಂದಿನಿಂದ ಹಿಂದಕ್ಕೆ ನಡೆದು ಹೋಗಬಹುದು. ಬಾಗಿಲುಗಳು ದುಂಡಗಿನ ಕಿಂಡಿಗಳು, ಬಗ್ಗಿಯೇ ದಾಟಬೇಕು. ಮಗಳಿಗೆ ಮಲಗುವ ಹಲಗೆಗಳನ್ನು ತೋರಿಸಿ.

ಇಂಜಿನ್ ರೂಮ್ ಬಂದಾಗ ಅವಸರ ಮಾಡಬೇಡಿ, ಅಲ್ಲೇ ನಿಲ್ಲಿ. ಕುರ್ಸುರಾದಲ್ಲಿ ಇರುವುದು ಮೂರು ಡೀಸೆಲ್. ಮೂರಕ್ಕೇ ಎಷ್ಟು ಇಕ್ಕಟ್ಟು ಅಂತ ನೋಡಿ. ಆಮೇಲೆ ಅದೇ ಜಾಗದಲ್ಲಿ ಆರು ಇಟ್ಟು, ಆರೂ ಓಡುತ್ತಿವೆ ಅಂತ ಮಗಳಿಗೆ ಹೇಳಿ.